ಕಿವಿಯಲ್ಲಿ ಹನ್ನೆರಡು ಅಂಕಿ

ಕಡಲೆ ಗೇಣುದ್ದ ಏಳುವ ಮೊದಲೇ ಚಿಗರಿ, ಅಂದರೆ ಕೃಷ್ಣಮೃಗ, ಬರುತ್ತವೆ. ಹನುಮಸಾಗರದ ಸುತ್ತಲಿನ ಎರಿ ಹೊಲಗಳಲ್ಲಿ, ಆಚೆ ಯಲಬುರ್ಗಾ, ಕುಕನೂರಿನ ಬಯಲಿನಲ್ಲಿ ಹಿಂಗಾರಿ ಬಂತೆಂದರೆ ಇದೇ ಮಾತು. ಬಿಸಿಲು ಗುಡ್ಡ ಇಳಿದು ಹೊಲ ಮುಟ್ಟುವ ಹೊತ್ತಿಗೆ ಹಿಂಡು ಕಣ್ಣಿಗೆ ಬೀಳುತ್ತದೆ. ಕಂದು ಮೈಯ ಹೆಣ್ಣುಗಳು ತಲೆ ತಗ್ಗಿಸಿ ಚಿಗುರು ಕಡಿಯುತ್ತಿರುತ್ತವೆ. ಗಂಡು ಮಾತ್ರ ಸ್ವಲ್ಪ ದೂರದಲ್ಲಿ, ಕರಿ ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು ತೋರಿಸುತ್ತ ನಿಂತಿರುತ್ತದೆ. ಬದುವಿನ ಮೇಲೆ ಯಾರದೋ ಹೆಜ್ಜೆ ಸದ್ದಾದರೆ ಒಂದು ಹೆಣ್ಣು ನಿಂತಲ್ಲಿಂದಲೇ ಚಿಮ್ಮುತ್ತದೆ, ಅದರ ಹಿಂದೆ ಉಳಿದವೆಲ್ಲ. ರೈತ ಹೋ ಎಂದು ಕೂಗುವುದರೊಳಗೆ ಎರಡು ಹೊಲ ದಾಟಿರುತ್ತವೆ. ನಿನ್ನೆ ಬಂದದ್ದು ಇದೇ ಹಿಂಡೇನು ಎಂದು ಕೇಳಿ ನೋಡಿ. "ಎಲ್ಲಾ ಒಂದ ನಮೂನಿ ಕಾಣ್ತಾವ್ರಿ, ಹೆಂಗ ಹೇಳೂದು?"

ಅದೇ ಬದುವಿನ ಈಚೆಗೆ, ಗೊಬ್ಬರಕ್ಕೆಂದು ಕುರಿ ತರುಬಿದ ಹೊಲ. ಬಲೆಯ ಹಟ್ಟಿಯೊಳಗೆ ಕುರಿಗಳು ಮೈಗೆ ಮೈ ಒತ್ತಿಕೊಂಡು ನಿಂತಿವೆ. ಪಶು ಆಸ್ಪತ್ರೆಯವರು ಬಂದಿದ್ದಾರೆ, ಕೈಯಲ್ಲಿ ಇಕ್ಕಳ, ಚೀಲದಲ್ಲಿ ಹಳದಿ ಟ್ಯಾಗು. ಕುರಿಗಾಹಿಯ ಮಗ ಒಂದೊಂದನ್ನೇ ಹಿಂಗಾಲು ಹಿಡಿದೆಳೆದು ತೊಡೆ ಸಂದಿಗೆ ಸಿಕ್ಕಿಸಿಕೊಳ್ಳುತ್ತಾನೆ. ಟ್ಯಾಗ್ ಒತ್ತುವವರು ಕಿವಿಯನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ತೆಳ್ಳಗಿನ ಚರ್ಮದೊಳಗೆ ನರ ಕವಲೊಡೆದು ಹೋದದ್ದು ಕೆಂಪಗೆ ಕಾಣುತ್ತದೆ. ಅದನ್ನು ತಪ್ಪಿಸಿ, ಹತ್ತಿಯಿಂದ ಒರೆಸಿ, ಟಕ್ ಎಂದು ಒಂದು ಒತ್ತು. ಕುರಿ ತಲೆ ಕೊಡವುತ್ತದೆ. ರಕ್ತ ಬಂದರೆ ಒಂದು ಹನಿ, ಇಲ್ಲದಿದ್ದರೆ ಅದೂ ಇಲ್ಲ. ನೊಣ ಕೂತು ಹುಳ ಬೀಳಬಾರದೆಂದು ಹುಡುಗನ ಅವ್ವ ಬೇವಿನ ಎಣ್ಣೆ ಅದ್ದಿದ ಬೆರಳನ್ನು ಅಲ್ಲಿಗೆ ಮುಟ್ಟಿಸುತ್ತಾಳೆ.

ಟ್ಯಾಗಿನ ಮೇಲೆ 12 ಅಂಕಿ, ಜೊತೆಗೆ ಗೆರೆಗೆರೆಯ ಬಾರ್‌ಕೋಡ್. ಅದನ್ನು ಮೊಬೈಲಿನಲ್ಲಿ ಹೊಡೆದು ಮಾಲೀಕರ ಹೆಸರು, ಕುರಿಯ ತಳಿ, ವಯಸ್ಸು, ಗಂಡೋ ಹೆಣ್ಣೋ ಎಲ್ಲ ತುಂಬಿಸಿದರೆ 'ಭಾರತ್ ಪಶುಧನ್' ಖಾತೆಯಲ್ಲಿ ಅದಕ್ಕೊಂದು ಪುಟ. ದನಗಳಲ್ಲಿ ಮೊದಲೇ ಇದ್ದ ಈ ನಂಬರು 2019ರಲ್ಲಿ ಕಾಲುಬಾಯಿ ಬೇನೆಯ ರಾಷ್ಟ್ರೀಯ ಕಾರ್ಯಕ್ರಮ ಬಂದ ಮೇಲೆ ಹಳ್ಳಿಹಳ್ಳಿಗೆ ಹಬ್ಬಿತು. ವಿಮೆ ಮಾಡಿಸಿದವರಿಗಂತೂ ಟ್ಯಾಗ್ ಇಲ್ಲದಿದ್ದರೆ ಪರಿಹಾರದ ಮಾತೇ ಇಲ್ಲ.

ಕುರಿಗಾಹಿಗೆ ಈ ನಂಬರಿನ ಹಂಗಿಲ್ಲ. ಸಂಜೆ ಮರಿಗಳನ್ನು ಹಟ್ಟಿಯೊಳಗೆ ಬಿಟ್ಟಾಗ ಯಾವ ಮರಿ ಯಾವ ತಾಯಿಯದೆಂದು ಆತ ದನಿ ಕೇಳಿಯೇ ಹೇಳುತ್ತಾನೆ. ಮಂದಿಯ ಹಿಂಡಿನಲ್ಲಿ ಸೇರಿಹೋದರೆ ಗುರುತಿಗೆ ಬೇಕೆಂದು ಕಿವಿಯ ಅಂಚಿಗೊಂದು ಕತ್ತರಿ ಹಾಕಿರುತ್ತಾನೆ, ಬೆನ್ನಿಗೆ ಬಣ್ಣ ಬಳಿದಿರುತ್ತಾನೆ. ಪ್ಲಾಸ್ಟಿಕ್ ನಂಬರು ಬೇಕಾದದ್ದು ಈ ಕುರಿಯನ್ನು ಹಿಂದೆಂದೂ ನೋಡದವರಿಗೆ: ವಿಮೆಯವರಿಗೆ, ರೋಗದ ಜಾಡು ಹುಡುಕುವ ಡಾಕ್ಟರಿಗೆ. ಆತನ ತಕರಾರು ಬೇರೆಯೇ. "ಜಾಲಿಮುಳ್ಳಿಗಿ ಸಿಕ್ಕು ಹರಕೊಂಡು ಬಿದ್ರ ಏನ್ ಮಾಡ್ಲಿ ಸಾಹೇಬ್ರ, ನಂಬರ ಹೋತು, ಕಿವೀನೂ ಹೋತು."

ಆಚೆ ಹೊಲದ ಚಿಗರಿಗೆ ಈ ಭಾಗ್ಯ ಇಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಹಿಡಿಯುವಂತಿಲ್ಲ, ಸಾಕುವಂತಿಲ್ಲ. ತಾಯಿ ಬಿಟ್ಟುಹೋದ ಮರಿ ಸಿಕ್ಕಿತೆಂದು ಆಡಿನ ಹಾಲು ಕುಡಿಸಿ ಹಟ್ಟಿಯಲ್ಲಿ ಕಟ್ಟಿಕೊಂಡರೂ ಅಪರಾಧವೇ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು. ಜಿಂಕೆಯನ್ನು ಕುರಿಯಂತೆ ಸಾಕಿ ಮಾರುವ ವ್ಯಾಪಾರಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಹಾಗಾಗಿ ಬೇಲಿಯೊಳಗೆ ಹುಟ್ಟಿದ ಜಿಂಕೆ, ಚಿಗರಿ ನೋಡಬೇಕೆಂದರೆ ಈ ಸೀಮೆಯವರು ಹೋಗುವುದು ಗದಗಿನ ಬಿಂಕದಕಟ್ಟಿಗೆ, ಇಲ್ಲವೇ ಹಂಪಿ ಪಕ್ಕದ ಕಮಲಾಪುರದ ಮೃಗಾಲಯಕ್ಕೆ.

ಅಲ್ಲಿ ಲೆಕ್ಕವೇನೋ ಇದೆ. 2009ರ ಮೃಗಾಲಯ ಮಾನ್ಯತೆ ನಿಯಮಗಳ ಪ್ರಕಾರ ಹುಟ್ಟು, ಸಾವು, ತಂದದ್ದು, ಕೊಟ್ಟದ್ದು ಎಲ್ಲ ಬರೆದಿಡಬೇಕು. ಮಾರ್ಚ್ 31ಕ್ಕೆ ಇದ್ದ ಪ್ರಾಣಿಗಳ ಪಟ್ಟಿ ಏಪ್ರಿಲ್ 30ರೊಳಗೆ ಕೇಂದ್ರ ಮೃಗಾಲಯ ಪ್ರಾಧಿಕಾರ ಸೇರಬೇಕು. ಪಟ್ಟಿಯಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಇನ್ನೂ ಗಂಡೋ ಹೆಣ್ಣೋ ತಿಳಿಯದ ಮರಿ ಎಷ್ಟು ಎಂದು ಮೂರು ಅಂಕಿ. ನನಗೆ ಅನುಮಾನ ಹುಟ್ಟುವುದು ಈ ಮೂರು ಅಂಕಿಯ ಮೇಲೆಯೇ. ಐದು ಸತ್ತು ಐದು ಹುಟ್ಟಿದರೆ ಒಟ್ಟು ಅಷ್ಟೇ, ಪುಟ ಸರಿಯಾಗಿಯೇ ಇರುತ್ತದೆ. ಯಾವುದು ಹೋಯಿತು, ಯಾವ ಗಂಡು ತನ್ನ ಮಗಳ ಜೊತೆಗೇ ಕೂಡಿತು ಎಂಬುದು ಮೊತ್ತದಲ್ಲಿ ಸಿಗುವುದಿಲ್ಲ. ಚುಕ್ಕೆ ಜಿಂಕೆ ವರ್ಷವಿಡೀ ಮರಿ ಹಾಕುವ ಪ್ರಾಣಿ. ಸಂಖ್ಯೆ ಮಿತಿಮೀರದಂತೆ ಗಂಡು ಹೆಣ್ಣು ಬೇರೆ ಮಾಡಿ, ಸಂತಾನಹರಣ ಮಾಡಿಸಿ ಎಂದು ಅದೇ ನಿಯಮ ಹೇಳುತ್ತದೆ. ಯಾವುದಕ್ಕೆ ಮಾಡಿದೆ, ಯಾವುದಕ್ಕೆ ಉಳಿಯಿತು ಎಂದು ತಿಳಿಯಲು ಗುರುತಿಲ್ಲದೆ ಹೇಗೆ?

ಕುರಿಯಂತೆ ಹಿಂಗಾಲು ಹಿಡಿದು ಎಳೆಯಲು ಜಿಂಕೆ ಬಿಡುವುದಿಲ್ಲ ಎಂಬುದೂ ನಿಜ. ಅಟ್ಟಿಸಿ ಹಿಡಿದರೆ ಭಯಕ್ಕೆ, ಆಯಾಸಕ್ಕೆ ಸ್ನಾಯುಗಳೇ ಹಾಳಾಗಿ, ಬಿಟ್ಟ ಎಷ್ಟೋ ಹೊತ್ತಿನ ಮೇಲೆ ಸತ್ತುಬೀಳುವುದುಂಟು. ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಹುಲ್ಲಿನೊಳಗೆ ಅಲ್ಲಾಡದೆ ಮಲಗಿರುತ್ತದಲ್ಲ, ಕಿವಿಗೆ ಟ್ಯಾಗ್ ಒತ್ತಲು ಅದೇ ಹದ. ದೊಡ್ಡದಕ್ಕೆ ಬೇರೆ ಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಾಗ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಸೇರಿಸಬಹುದು. ಅದೂ ಬೇಡವೆಂದರೆ ಫೋಟೊ. ಚುಕ್ಕೆಗಳ ಹರವು ಒಂದರದ್ದು ಇನ್ನೊಂದಕ್ಕಿಲ್ಲ, ಸಾಯುವವರೆಗೂ ಬದಲಾಗುವುದಿಲ್ಲ.

ಜಿಂಕೆ ಸಾಕಣೆಯೇ ಕಸುಬಾದ ದೇಶಗಳಲ್ಲಿ ಇದು ಕಟ್ಟುನಿಟ್ಟು. ನ್ಯೂಜಿಲೆಂಡಿನಲ್ಲಿ 2013ರ ಮಾರ್ಚ್‌ನಿಂದ ಸಾಕಿದ ಜಿಂಕೆಗೆ ಎಲೆಕ್ಟ್ರಾನಿಕ್ ಟ್ಯಾಗ್ ಕಡ್ಡಾಯ. ಹುಟ್ಟಿ 180 ದಿನ ತುಂಬುವುದರೊಳಗೆ, ಇಲ್ಲವೇ ಹೊಲ ಬಿಟ್ಟು ಸಾಗಿಸುವ ಮೊದಲು ಹಾಕಲೇಬೇಕು. ಅಮೆರಿಕದಲ್ಲಿ ಜಿಂಕೆಗಳ ಮೆದುಳು ತಿಂದು ಮೈ ಸೊರಗಿಸುವ ರೋಗವೊಂದಿದೆ, ಅದು 1967ರಲ್ಲಿ ಮೊದಲು ಕಂಡದ್ದು ಕೊಲೊರಾಡೊದ ಬೇಲಿಯೊಳಗಿನ ಜಿಂಕೆಗಳಲ್ಲೇ. 2012ರ ನಿಯಮದಂತೆ ಅಲ್ಲಿನ ರೋಗ ನಿಯಂತ್ರಣ ಯೋಜನೆಗೆ ಸೇರಿದ ಹಿಂಡಿನಲ್ಲಿ ಒಂದೊಂದು ಜಿಂಕೆಗೂ ಎರಡೆರಡು ಗುರುತು ಬೇಕು. ಒಂದು ಹರಿದರೆ ಇನ್ನೊಂದು ಉಳಿಯಲಿ ಎಂದು. ಜಾಲಿಮುಳ್ಳಿನ ತಕರಾರು ಅಲ್ಲಿಯವರಿಗೂ ಗೊತ್ತಾಗಿದೆ.

ನಮ್ಮಲ್ಲಿ ರೋಗ ಹೊಕ್ಕರೆ ಏನಾಗುತ್ತದೆಂದು 2025ರ ನವೆಂಬರಿನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕಂಡಿತು. ಗಂಟಲು ಬೇನೆ ಹೊಕ್ಕು ಕೆಲವೇ ದಿನಗಳಲ್ಲಿ 38 ಚಿಗರಿಗಳಲ್ಲಿ 31 ಸತ್ತವು. ಅದೇ ತಿಂಗಳು ಸುಪ್ರೀಂ ಕೋರ್ಟು ದೆಹಲಿಯ ಹೌಜ್ ಖಾಸ್ ಜಿಂಕೆ ಪಾರ್ಕಿನಿಂದ ರಾಜಸ್ಥಾನದ ಕಾಡುಗಳಿಗೆ ನಡೆದಿದ್ದ ಸಾಗಾಟವನ್ನು ಮುಂದುವರಿಸದಂತೆ ತಡೆಯಿತು. ಪಾರ್ಕಿನೊಳಗೆ ಜಿಂಕೆಗಳು 600ರ ಆಸುಪಾಸಿಗೆ ಬೆಳೆದು, 2023ರಲ್ಲಿ ಅದರ ಮಾನ್ಯತೆ ರದ್ದಾಗಿತ್ತು. ಲಾರಿ ಹತ್ತಿಸುವ ಮೊದಲು ಕಿವಿಗೆ ನಂಬರು ಒತ್ತದಿದ್ದರೆ, ನಾಳೆ ಆ ಕಾಡಿನಲ್ಲಿ ಸತ್ತ ಜಿಂಕೆ ಸಿಕ್ಕಾಗ ಅದು ಕಾಡಿನದೋ ದೆಹಲಿಯದೋ ಎಂದು ಕೇಳಬೇಕಾಗುತ್ತದೆ. ಅದಕ್ಕೆ ಯಾವ ಅರಣ್ಯಾಧಿಕಾರಿಯ ಉತ್ತರವೂ ಹನುಮಸಾಗರದ ರೈತ ಹೇಳಿದ್ದಕ್ಕಿಂತ ಬೇರೆಯಾಗಿರಲಾರದು.