ಶ್ರೀಲಂಕೆಗೆ ಮೊದಲ ಪ್ರವಾಸ: ರಜೆ ಯಾವಾಗ, ದಾರಿ ಯಾವುದು?

ರಜೆಯ ದಿನಗಳು ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಒಂದು ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಊರಿಗೆ ಹೋಗಿಬರುವುದು ಇದ್ದೇ ಇದೆ, ಈ ಬಾರಿ ಒಂದು ಹೊರದೇಶವನ್ನೂ ನೋಡೋಣ. ಆದರೆ ಅಜ್ಜ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಹೋಗುವುದು ಬೇಡ, ಊಟಕ್ಕೆ ಪರದಾಡಬಾರದು, ಖರ್ಚೂ ಹಿಡಿತದಲ್ಲಿರಬೇಕು. ಈ ಷರತ್ತುಗಳಿಗೆಲ್ಲ ಬಹುಮಟ್ಟಿಗೆ ಒಪ್ಪುವ ದೇಶವೆಂದರೆ ಶ್ರೀಲಂಕೆ. ಚೆನ್ನೈಯಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಗಡಿಯಾರದ ಮುಳ್ಳನ್ನು ತಿರುಗಿಸಬೇಕಾಗಿಲ್ಲ, ಅಲ್ಲಿಯದೂ ನಮ್ಮದೇ ಸಮಯ. ವಾಹನಗಳು ಓಡುವುದೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ.

ಹೀಗೆ ಎಲ್ಲವೂ ಹತ್ತಿರದ್ದೆಂದು ತೋರುವುದರಿಂದಲೇ ನಮ್ಮವರು ಯೋಜನೆ ಹಾಕುವಾಗ ಎಡವುತ್ತಾರೆ. ಭೂಪಟದಲ್ಲಿ ದ್ವೀಪ ಒಂದು ಹನಿಯಷ್ಟು ಕಾಣುತ್ತದೆ. ಐದು ದಿನದಲ್ಲಿ ಸುತ್ತಿ ಮುಗಿಸಬಹುದೆಂಬ ಲೆಕ್ಕಾಚಾರ ಹುಟ್ಟುತ್ತದೆ. ಶ್ರೀಲಂಕೆಯ ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಐದು ದಿನದಲ್ಲಿ ಮೈಸೂರು, ಹಂಪಿ, ಮಡಿಕೇರಿ, ಕಾರವಾರಗಳನ್ನು ವೃದ್ಧ ತಂದೆತಾಯಿಯರೊಂದಿಗೆ ನೋಡಿಬರುತ್ತೇವೆಂದು ಯಾರಾದರೂ ಹೇಳಿದರೆ ನಾವು ಏನನ್ನುತ್ತೇವೆಯೋ ಅದನ್ನೇ ಇಲ್ಲಿಯೂ ಹೇಳಬೇಕು. ಎಕ್ಸ್‌ಪ್ರೆಸ್ ಹೆದ್ದಾರಿಗಳನ್ನು ಬಿಟ್ಟರೆ ಉಳಿದ ರಸ್ತೆಗಳಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ಕೊಲಂಬೊದಿಂದ ಕ್ಯಾಂಡಿಗೆ ಕೇವಲ 115 ಕಿಲೋಮೀಟರ್, ಆದರೆ ಮೂರರಿಂದ ಮೂರೂವರೆ ಗಂಟೆ ಬೇಕು. ಸೀಗಿರಿಯಕ್ಕೆ ಸುಮಾರು 170 ಕಿಲೋಮೀಟರ್, ನಾಲ್ಕು ಗಂಟೆ. ಪ್ರತಿ ರಾತ್ರಿ ಹೊಸ ಊರಿನಲ್ಲಿ ಮಲಗುವ ಯೋಜನೆಯಲ್ಲಿ ಹಿರಿಯರು ನೋಡುವುದು ವಾಹನದ ಕಿಟಕಿಯನ್ನು ಮಾತ್ರ. ಒಂದೊಂದು ಊರಿನಲ್ಲಿ ಎರಡು ರಾತ್ರಿಯಾದರೂ ತಂಗುವಂತೆ ಯೋಜಿಸಿ, ಉಳಿದ ಸ್ಥಳಗಳನ್ನು ಧೈರ್ಯವಾಗಿ ಬಿಟ್ಟುಬಿಡುವುದು ನಮ್ಮ ಸಲಹೆ.

ಯಾವುದನ್ನು ಬಿಡಬೇಕೆಂಬುದನ್ನು ನಿರ್ಧರಿಸುವುದು ಗಾಳಿ. ನಮ್ಮ ಮುಂಗಾರು ಹಿಂಗಾರುಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮೇ ತಿಂಗಳ ಕೊನೆಯ ಭಾಗದಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತ ಕೊಲಂಬೊ, ಗಾಲೆ ಮತ್ತು ಮಧ್ಯದ ಬೆಟ್ಟಗಳ ಪಶ್ಚಿಮ ಮುಖಕ್ಕೆ ಮಳೆ ಸುರಿಸುತ್ತದೆ. ಬೆಟ್ಟವನ್ನು ದಾಟಿದ ಗಾಳಿಯಲ್ಲಿ ನೀರು ಉಳಿದಿರುವುದಿಲ್ಲವಾದ್ದರಿಂದ ಅದೇ ದಿನಗಳಲ್ಲಿ ಪೂರ್ವ ಕರಾವಳಿ ಒಣಗಿರುತ್ತದೆ. ಆಗುಂಬೆಯಲ್ಲಿ ಧೋ ಎಂದು ಮಳೆ ಸುರಿಯುವಾಗ ಚಿತ್ರದುರ್ಗದಲ್ಲಿ ಧೂಳೇಳುವುದಕ್ಕೂ ಇದಕ್ಕೂ ಕಾರಣ ಒಂದೇ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಈಶಾನ್ಯ ಮಾರುತದ ಸರದಿ. ಆಗ ಪೂರ್ವಕ್ಕೆ ಮಳೆ, ನೈಋತ್ಯ ತೀರಕ್ಕೆ ತಿಳಿಬಿಸಿಲು. ಹೀಗಾಗಿ ಇಡೀ ದ್ವೀಪ ಒಟ್ಟಿಗೆ ಹಿತವಾಗಿರುವ ತಿಂಗಳು ಎಂಬುದೇ ಅಪರೂಪ. ಸಮುದ್ರತೀರವನ್ನು ಪೂರ್ತಿ ಸುತ್ತಬೇಕೆಂದು ಹೊರಟವರಿಗೆ ಎಲ್ಲಿಯಾದರೂ ಒಂದು ಕಡೆ ಮಳೆ ಕಾದಿರುತ್ತದೆ.

ಇದನ್ನು ನಮ್ಮ ಮಕ್ಕಳ ಶಾಲಾ ರಜೆಗೆ ಹೊಂದಿಸಿ ನೋಡೋಣ. ಕ್ರಿಸ್ಮಸ್ ರಜೆಯಲ್ಲಿ ಹೋಗುವವರಿಗೆ ಕ್ಯಾಂಡಿ, ಬೆಟ್ಟದ ಸೀಮೆ, ಗಾಲೆ ಈ ದಾರಿ ಸರಿ. ಆದರೆ ಅದು ಐರೋಪ್ಯ ಪ್ರವಾಸಿಗಳ ಸುಗ್ಗಿಯ ಕಾಲವೂ ಆದುದರಿಂದ ಕೊಠಡಿಗಳ ಬಾಡಿಗೆ ಏರಿರುತ್ತದೆ. ದೆಹಲಿಯ ಕುಟುಂಬಗಳಿಗೆ ದೊರೆಯುವುದು ಜೂನ್ ತಿಂಗಳ ರಜೆ. ಅವರು ದಕ್ಷಿಣದ ಕಡಲತೀರವನ್ನು ಕೈಬಿಟ್ಟು, ಸೀಗಿರಿಯ, ಪೊಲೊನ್ನರುವಗಳಿಂದ ನೇರವಾಗಿ ಪೂರ್ವದ ತ್ರಿಕೋಣಮಲೆಗೆ ಇಳಿಯಬೇಕು. ಅಲ್ಲಿಯ ನಿಲಾವೆಲಿಯ ಕಡಲು ಆಗ ಕೆರೆಯಂತೆ ಶಾಂತವಾಗಿರುತ್ತದೆ. ಮುಂಬಯಿ, ಪುಣೆ, ಹೈದರಾಬಾದಿನವರ ಏಪ್ರಿಲ್ ಮತ್ತು ಮೇ ಮೊದಲ ಭಾಗ ಸೆಕೆಯ ಕಾಲ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಉಂಟು. ಬೆಳಗಿನ ಹೊತ್ತು ನೋಡುವುದನ್ನೆಲ್ಲ ಮುಗಿಸಿಕೊಂಡರೆ ತೊಂದರೆಯಿಲ್ಲ. ದೀಪಾವಳಿಯ ರಜೆಯನ್ನು ಮಾತ್ರ ನಾವು ಈ ಪ್ರವಾಸಕ್ಕೆ ಸೂಚಿಸುವುದಿಲ್ಲ. ಅಕ್ಟೋಬರ್, ನವೆಂಬರ್‌ಗಳಲ್ಲಿ ದ್ವೀಪದ ಎಲ್ಲ ಕಡೆಯೂ ಮಳೆಯಾಗುತ್ತದೆ, ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯವೂ ಇದೆ. 2025ರ ನವೆಂಬರ್ ಕೊನೆಯಲ್ಲಿ ಅಪ್ಪಳಿಸಿದ ದಿತ್ವಾ ಚಂಡಮಾರುತದ ನೆರೆ ಮತ್ತು ಭೂಕುಸಿತಗಳಿಗೆ ಅಲ್ಲಿ 600ಕ್ಕೂ ಹೆಚ್ಚು ಜನರು ಬಲಿಯಾದುದನ್ನು ಮರೆಯುವಂತಿಲ್ಲ.

ಮೊದಲ ಬಾರಿ ಹೋಗುವವರು ಎಂಟು ರಾತ್ರಿಗಳನ್ನು ಎತ್ತಿಡಬಲ್ಲರಾದರೆ ಸೀಗಿರಿಯ ಪ್ರದೇಶದಲ್ಲಿ ಮೂರು, ಕ್ಯಾಂಡಿಯಲ್ಲಿ ಎರಡು, ಬೆಟ್ಟದ ಮೇಲೆ ಒಂದು, ಕಡಲ ಬದಿಯಲ್ಲಿ ಎರಡು ಎಂದು ಹಂಚಿಕೊಳ್ಳಬಹುದು. ಐದೇ ರಾತ್ರಿಗಳಿದ್ದರೆ ಸೀಗಿರಿಯ ಮತ್ತು ಕ್ಯಾಂಡಿ ಸಾಕು. ಕೊನೆಯ ರಾತ್ರಿ ನೆಗೊಂಬೊದಲ್ಲಿ ತಂಗಬೇಕು. ವಿಮಾನ ನಿಲ್ದಾಣವಿರುವ ಕಟುನಾಯಕ ಕೊಲಂಬೊದಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದ್ದು ನೆಗೊಂಬೊಗೆ ಹತ್ತಿರ. ಆದುದರಿಂದ ಕೊಲಂಬೊ ನಗರದ ದಟ್ಟಣೆಯೊಳಗೆ ಹೋಗದೆಯೇ ಪ್ರವಾಸವನ್ನು ಮುಗಿಸಬಹುದು. ಮುಂಬಯಿಯಲ್ಲಿ ಬಾಳುವವರಿಗೆ ಇನ್ನೊಂದು ಮಹಾನಗರವನ್ನು ನೋಡುವ ಹಂಬಲವೇನೂ ಇರಲಾರದು.

ಸೀಗಿರಿಯದ ವಿಷಯದಲ್ಲಿ ಮನೆಯವರೆಲ್ಲ ಮೊದಲೇ ಕುಳಿತು ಮಾತಾಡಿಕೊಳ್ಳುವುದು ಒಳಿತು. 5ನೇ ಶತಮಾನದಲ್ಲಿ ಕಾಶ್ಯಪ ರಾಜನು ಬಯಲಿನ ನಡುವೆ ಒಂಟಿಯಾಗಿ ನಿಂತ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಸ್ಥಳವಿದು. ಹತ್ತಲು ಸುಮಾರು 1,200 ಮೆಟ್ಟಿಲುಗಳಿವೆ. ಮೇಲಿನ ಭಾಗದಲ್ಲಿ ಕಬ್ಬಿಣದ ಕಿರಿದಾದ ಮೆಟ್ಟಿಲುಗಳು ಬಂಡೆಯ ಮೈಗೆ ಅಂಟಿಕೊಂಡಿವೆ. ಮಧುಗಿರಿಯ ಬೆಟ್ಟ ಹತ್ತಿದವರಿಗೆ ಇದು ಕಷ್ಟವಲ್ಲ, ಆದರೆ ಮಂಡಿನೋವಿನವರಿಗೆ, ಹೃದಯದ ತೊಂದರೆಯವರಿಗೆ ಸಲ್ಲದು. ಅರ್ಧ ದಾರಿಯಲ್ಲಿ ಹಿಂದಿರುಗುವುದೂ ಸುಲಭವಲ್ಲ, ಹಿಂದಿನಿಂದ ಜನರು ಬರುತ್ತಲೇ ಇರುತ್ತಾರೆ. ಹತ್ತಲಾಗದವರು ಸುಮ್ಮನೆ ಕುಳಿತು ಬೇಸರಪಡಬೇಕಾಗಿಲ್ಲ. ಬುಡದಲ್ಲಿ ಹರಡಿರುವ ಜಲೋದ್ಯಾನವೇ ಒಂದು ದೊಡ್ಡ ನೋಟ. ಸಾವಿರದ ಐನೂರು ವರ್ಷಗಳ ಹಿಂದಿನ ಕಾರಂಜಿಗಳು ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಬಿಸಿಲಿನಿಂದ ಪಾರಾಗಬಹುದು. ಹಿರಿಯರಿಗೆ ನಿಜವಾಗಿ ಹಿತವೆನಿಸುವುದು ಪೊಲೊನ್ನರುವ. ಸಮತಟ್ಟಾದ ನೆಲ, ವಾಹನ ಬಹಳ ಸಮೀಪದವರೆಗೆ ಹೋಗುತ್ತದೆ. ಚೋಳರ ಕಾಲದ ಶಿವಾಲಯ, ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಬುದ್ಧಮೂರ್ತಿಗಳು ಎಲ್ಲವೂ ಅಲ್ಲಿವೆ. ಈ ಸ್ಥಳಗಳಲ್ಲಿ ವಿದೇಶಿಯರಿಗೆ ಪ್ರವೇಶ ಶುಲ್ಕ ಬಹಳ. ಆದರೆ ಸಾರ್ಕ್ ದೇಶಗಳ ಪ್ರಜೆಗಳಿಗೆ ರಿಯಾಯಿತಿ ಇದೆ. ಪಾಸ್‌ಪೋರ್ಟನ್ನು ಹೋಟೆಲಿನ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆ ಅದು ದೊರೆಯಲಾರದು. ಐವರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಕ್ಯಾಂಡಿಯ ದಳದಾ ಮಾಳಿಗೆಯಲ್ಲಿ ಬುದ್ಧನ ದಂತಧಾತುವನ್ನು ಪೂಜಿಸುತ್ತಾರೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ, ಬಿಳಿಯ ಬಟ್ಟೆಯಾದರೆ ಇನ್ನೂ ಗೌರವ. ಬುದ್ಧಮೂರ್ತಿಗೆ ಬೆನ್ನು ತೋರಿಸಿ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ಅಲ್ಲಿಯವರು ಅವಮಾನವೆಂದೇ ಭಾವಿಸುತ್ತಾರೆ. ಮಕ್ಕಳಿಗೆ ಇದನ್ನು ಮುಂಚೆಯೇ ತಿಳಿಸಿರಬೇಕು.

ಕ್ಯಾಂಡಿಯಿಂದ ಮುಂದಕ್ಕೆ ಬೆಟ್ಟದ ರೈಲು. 1924ರಲ್ಲಿ ಬದುಳ್ಳದವರೆಗೆ ಮುಗಿದ ಈ ಮಾರ್ಗವು ಪಟ್ಟಿಪೊಲದ ಬಳಿ ಸುಮಾರು 1,890 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಇಕ್ಕೆಲಗಳಲ್ಲಿ ಚಹಾ ತೋಟಗಳು. ಈ ಇಳಿಜಾರುಗಳಲ್ಲಿ ಒಂದು ಕಾಲಕ್ಕೆ ಕಾಫಿ ಇತ್ತೆಂಬುದು ನಮ್ಮ ಕೊಡಗು, ಚಿಕ್ಕಮಗಳೂರಿನವರಿಗೆ ಕುತೂಹಲದ ಸಂಗತಿ. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಕಾಫಿಯನ್ನು ನಾಶಮಾಡಿತು, ಬೆಳೆಗಾರರು ಚಹಾಕ್ಕೆ ಹೊರಳಿದರು. ಅದೇ ರೋಗ ನಮ್ಮ ತೋಟಗಳಿಗೂ ಬಂದಿತು, ಆದರೆ ನಮ್ಮಲ್ಲಿ ಕಾಫಿ ಉಳಿದುಕೊಂಡಿತು. ಸೇತುವೆಯ ಚಿತ್ರಗಳಿಂದ ಪ್ರಸಿದ್ಧವಾದ ಊರಿನ ಹೆಸರು ‘ಎಲ್ಲ’. ಸಿಂಹಳದಲ್ಲಿ ಹಾಗೆಂದರೆ ಜಲಪಾತ. ಕ್ಯಾಂಡಿಯಿಂದ ಅಲ್ಲಿಗೆ ರೈಲಿನಲ್ಲಿ ಆರೇಳು ಗಂಟೆ ಹಿಡಿಯುವುದರಿಂದ, ಹಿರಿಯರಿರುವ ಕುಟುಂಬಗಳು ನುವರ ಎಲಿಯಕ್ಕೆ ಕಾರಿನಲ್ಲಿ ಹೋಗಿ, ನಾನು ಓಯ ನಿಲ್ದಾಣದಿಂದ ಎಲ್ಲದವರೆಗಿನ ಭಾಗವನ್ನು ಮಾತ್ರ ರೈಲಿನಲ್ಲಿ ನೋಡುವುದು ಲೇಸು. ಅತ್ಯಂತ ಸುಂದರವಾದ ಭಾಗವೂ ಅದೇ. ಕಾಯ್ದಿರಿಸಿದ ಆಸನಗಳು ಬೇಗನೆ ಮುಗಿಯುತ್ತವೆ. ದಿತ್ವಾ ಚಂಡಮಾರುತದಲ್ಲಿ ಈ ಮಾರ್ಗಕ್ಕೆ ಹಲವೆಡೆ ತೀವ್ರ ಹಾನಿಯಾದುದರಿಂದ, ತಮ್ಮ ಪ್ರಯಾಣದ ದಿನಗಳಲ್ಲಿ ಯಾವ ಊರಿನಿಂದ ಯಾವ ಊರಿಗೆ ರೈಲು ಓಡುತ್ತಿದೆ ಎಂಬುದನ್ನು ವಿಚಾರಿಸಿಕೊಂಡೇ ಹೋಟೆಲ್ ಗೊತ್ತುಮಾಡಬೇಕು. ಬಾಗಿಲಿನಿಂದ ಹೊರಗೆ ಜೋತು ಚಿತ್ರ ತೆಗೆಸಿಕೊಳ್ಳುವ ಹುಚ್ಚು ಅಲ್ಲಿ ಜೀವಗಳನ್ನು ಬಲಿತೆಗೆದುಕೊಂಡಿದೆ. ಹದಿಹರೆಯದ ಮಕ್ಕಳ ಮೇಲೆ ಕಣ್ಣಿರಲಿ. ಇನ್ನು ನುವರ ಎಲಿಯದಲ್ಲಿ ರಾತ್ರಿ ಊಟಿಯಂತೆಯೇ ಚಳಿ, ಸ್ವೆಟರ್ ಬೇಕು.

ಕರಾವಳಿಯಲ್ಲಿ ಗಾಲೆಯ ಡಚ್ಚರ ಕೋಟೆಯ ಮೇಲೆ ಸಂಜೆ ನಡೆದಾಡುವುದು ಎಲ್ಲ ವಯಸ್ಸಿನವರಿಗೂ ಸಲ್ಲುವ ಸುಖ. ಗಾಲೆಯಿಂದ ಕೊಲಂಬೊಗೆ ಬರುವ ರೈಲು ಕಡಲಿಗೆ ತಾಗಿಯೇ ಸಾಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆ ಇದೇ ಮಾರ್ಗದ ಪೆರಲಿಯ ಎಂಬಲ್ಲಿ ತುಂಬಿದ ರೈಲೊಂದನ್ನು ಹೊಡೆದುರುಳಿಸಿ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಅಲ್ಲೊಂದು ಸ್ಮಾರಕವಿದೆ; ಹಿಕ್ಕಡುವಕ್ಕೆ ಹೋಗುವವರು ಐದು ನಿಮಿಷ ಅಲ್ಲಿ ನಿಂತು ಬರಬಹುದು.

ಆನೆಗಳ ಸಫಾರಿಯ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ಕಬಿನಿ, ನಾಗರಹೊಳೆಗಳನ್ನು ಕಂಡವರು ಮೊದಲ ಪ್ರವಾಸದಲ್ಲಿ ಇದಕ್ಕಾಗಿ ಒಂದು ದಿನ ಕಳೆಯಬೇಕಾಗಿಲ್ಲ. ಆದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸೀಗಿರಿಯದಲ್ಲಿ ತಂಗಿದವರಿಗೆ ಪಕ್ಕದ ಮಿನ್ನೇರಿಯ ಕೆರೆಯಂಗಳದಲ್ಲಿ ಸೇರುವ ಆನೆ ಹಿಂಡುಗಳನ್ನು ನೋಡದೆ ಬರುವುದು ನಷ್ಟವೇ.

ಈಗ ಊಟದ ವಿಚಾರ. ಸಸ್ಯಾಹಾರಿಗಳಿಗೆ ಶ್ರೀಲಂಕೆ ಅನುಕೂಲವೂ ಹೌದು, ಅಪಾಯವೂ ಹೌದು. ಅನ್ನದೊಡನೆ ನಾಲ್ಕೈದು ಬಗೆಯ ತರಕಾರಿ ಪಲ್ಯ ಸಾರುಗಳನ್ನು ಬಡಿಸುವುದು ಅಲ್ಲಿಯ ನಿತ್ಯದ ಕ್ರಮ. ಪರಿಪ್ಪು ನಮ್ಮ ತೊವ್ವೆಗೆ ತೆಂಗಿನ ಹಾಲು ಸೇರಿಸಿದಂತೆ. ಎಳೆ ಹಲಸಿನ ‘ಪೊಲೊಸ್’ ಸಾರನ್ನು ನಮ್ಮ ಮಂಗಳೂರಿನವರು ಗುಜ್ಜೆಯೆಂದು ಒಂದೇ ತುತ್ತಿಗೆ ಗುರುತಿಸುತ್ತಾರೆ. ಇಂದಿ ಆಪ್ಪವೆಂದರೆ ನಮ್ಮ ಒತ್ತು ಶಾವಿಗೆ. ಗೊಟುಕೊಳ ಎಂಬ ಸೊಪ್ಪು ಬೇರಾವುದೂ ಅಲ್ಲ, ತಂಬುಳಿಯ ಒಂದೆಲಗ. ಅದನ್ನು ಸಣ್ಣಗೆ ಹೆಚ್ಚಿ ತೆಂಗಿನತುರಿ, ನಿಂಬೆರಸ ಬೆರೆಸಿ ಕೊಡುತ್ತಾರೆ. ಮಣ್ಣಿನ ಕುಡಿಕೆಯ ಎಮ್ಮೆಮೊಸರಿನ ಮೇಲೆ ಬಗನಿ ಮರದ ಜೋನಿಬೆಲ್ಲ ಸುರಿದುಕೊಂಡು ತಿಂದವರು ಬೇರೆ ಸಿಹಿಯನ್ನು ಕೇಳುವುದಿಲ್ಲ. ಅಪಾಯವಿರುವುದು ‘ಉಂಬಲಕಡ’ದಲ್ಲಿ. ಒಣಗಿಸಿದ ಮೀನಿನ ಈ ಪುಡಿಯನ್ನು ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲಿ, ಖಾರದ ಲುಣು ಮಿರಿಸ್‌ನಲ್ಲಿ, ಒಮ್ಮೊಮ್ಮೆ ಪಲ್ಯದಲ್ಲಿಯೂ ಬೆರೆಸುತ್ತಾರೆ. ಮಾಂಸವಿಲ್ಲ ಎಂದಷ್ಟೇ ಕೇಳಿದರೆ ಇಲ್ಲವೆಂಬ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ! ಮಾಂಸಕ್ಕೆ ಮಸ್, ಮೀನಿಗೆ ಮಾಳು, ಬೇಡ ಎನ್ನಲು ಎಪಾ. ಈ ಮೂರರ ಜೊತೆಗೆ ಉಂಬಲಕಡವೆಂಬ ಶಬ್ದವನ್ನೂ ಮನೆಯ ಹಿರಿಯರು ಬಾಯಿಪಾಠ ಮಾಡಿಕೊಳ್ಳಲಿ. ಕೊಲಂಬೊದ ವೆಳ್ಳವತ್ತೆಯಲ್ಲಿಯೂ, ತಮಿಳರಿರುವ ಇತರ ಊರುಗಳಲ್ಲಿಯೂ ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ. ಚೆನ್ನೈ ಕನ್ನಡಿಗರ ತಮಿಳು ಅಲ್ಲಿ ಚೆನ್ನಾಗಿ ನಡೆಯುತ್ತದೆ.

ಟ್ರಾವೆಲ್ ಏಜೆಂಟರು ‘ರಾಮಾಯಣ ಯಾತ್ರೆ’ ಎಂಬ ಪ್ಯಾಕೇಜನ್ನು ನಮ್ಮವರಿಗೆ ಉತ್ಸಾಹದಿಂದ ತೋರಿಸುತ್ತಾರೆ. ನುವರ ಎಲಿಯದ ಸಮೀಪದ ಸೀತಾ ದೇವಾಲಯ, ಎಲ್ಲದ ರಾವಣ ಜಲಪಾತ ಹೇಗೂ ದಾರಿಯಲ್ಲಿಯೇ ಸಿಗುವಂಥವು. ತ್ರಿಕೋಣಮಲೆಯಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲಿನ ಕೋಣೇಶ್ವರ, ಚಿಲಾವಿನ ಹತ್ತಿರದ ಮುನ್ನೇಶ್ವರ ಜೀವಂತ ಪೂಜೆಯಿರುವ ಪ್ರಾಚೀನ ಶಿವಕ್ಷೇತ್ರಗಳು. ಭಕ್ತಿಯಿಂದ ಹೋಗುವವರು ಈ ನಾಲ್ಕನ್ನು ನೋಡಿದರೆ ಸಾಕು. ಪಟ್ಟಿಯಲ್ಲಿರುವ ಇತರ ಹತ್ತಾರು ಸ್ಥಳಗಳಿಗಾಗಿ ದ್ವೀಪದ ಮೂಲೆಮೂಲೆಗೆ ಓಡುವುದರಿಂದ ದೊರೆಯುವುದು ಆಯಾಸ.

ಕಾಗದಪತ್ರಗಳಲ್ಲಿ ಮುಖ್ಯವಾದುದು ಇಟಿಎ ಎಂಬ ಮುಂಗಡ ಪ್ರವೇಶಾನುಮತಿ. ಅದರ ಶುಲ್ಕ ಮತ್ತು ನಿಯಮಗಳು ಕಳೆದ ಕೆಲವು ವರ್ಷಗಳಲ್ಲಿ ಪದೇಪದೇ ಬದಲಾಗಿರುವುದರಿಂದ, ನೆಂಟರು ಹೋದ ವರ್ಷ ಹೇಳಿದ್ದನ್ನು ನಂಬದೆ ಶ್ರೀಲಂಕಾ ಸರ್ಕಾರದ ವೆಬ್‌ಸೈಟನ್ನೇ ನೋಡಬೇಕು. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಹೆಚ್ಚಿನ ಹಣ ಪಡೆಯುತ್ತವೆ, ಎಚ್ಚರ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು. ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. 2024ರ ಫೆಬ್ರುವರಿಯಿಂದ ಅಲ್ಲಿ ನಮ್ಮ ಯುಪಿಐ ಪಾವತಿಗೂ ಅವಕಾಶ ದೊರೆತಿದೆ, ಆದರೂ ಹಳ್ಳಿಯ ಅಂಗಡಿ, ಆಟೋಗಳಿಗೆ ನಗದು ಇರಲೇಬೇಕು. ನಾಲ್ಕೈದು ಜನರಿರುವ ಕುಟುಂಬಕ್ಕೆ ಚಾಲಕನ ಸಹಿತ ವ್ಯಾನನ್ನು ಇಡೀ ಪ್ರವಾಸಕ್ಕೆ ಗೊತ್ತುಮಾಡುವುದೇ ಅನುಕೂಲ. ಚಾಲಕನ ಊಟ, ವಸತಿ, ಹೆದ್ದಾರಿಯ ಸುಂಕ ಯಾರದೆಂಬುದನ್ನು ಮುಂಚಿತವಾಗಿ ಬರೆಸಿಕೊಳ್ಳಬೇಕು.

ಟಿಕೆಟ್ ಕೊಳ್ಳುವ ಮುನ್ನ ಪಂಚಾಂಗವನ್ನೂ ಒಮ್ಮೆ ತೆರೆಯಿರಿ. ಪ್ರತಿ ಹುಣ್ಣಿಮೆಯೂ ಅಲ್ಲಿ ‘ಪೋಯ’ ಎಂಬ ಸಾರ್ವಜನಿಕ ರಜೆ; ದೇವಾಲಯಗಳಲ್ಲಿ ಬಿಳಿಯುಡುಗೆಯ ಭಕ್ತರು ಕಿಕ್ಕಿರಿಯುತ್ತಾರೆ, ಮದ್ಯದ ಮಾರಾಟ ನಿಲ್ಲುತ್ತದೆ. ಏಪ್ರಿಲ್ 13, 14ರ ಸುಮಾರಿಗೆ, ನಮ್ಮ ತುಳುನಾಡಿನಲ್ಲಿ ಬಿಸು ಆಚರಿಸುವ ಹೊತ್ತಿಗೇ, ಸಿಂಹಳೀಯರಿಗೂ ತಮಿಳರಿಗೂ ಹೊಸ ವರ್ಷ. ಆ ನಾಲ್ಕೈದು ದಿನ ಅಂಗಡಿಗಳು ಮುಚ್ಚಿರುತ್ತವೆ, ಚಾಲಕರು ತಮ್ಮ ಊರಿಗೆ ಹೊರಟಿರುತ್ತಾರೆ, ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್ 18ರ ನಂತರದ ದಿನಾಂಕ ನೋಡಿಕೊಳ್ಳುವುದು ಕ್ಷೇಮ.