ಮುನಿಯದ ದೇವರು

ನೆಟ್ ಪರೀಕ್ಷೆಗೆಂದು 12ನೇ ಶತಮಾನದ ವಚನಗಳನ್ನು ಓದುತ್ತಿದ್ದೇನೆ. ಬಸವಣ್ಣನವರ ಕೂಡಲಸಂಗಮದೇವನ ಹತ್ತಿರ ಕಷ್ಟ ಹೇಳಿಕೊಳ್ಳಬಹುದು, ಜಗಳವನ್ನೂ ಆಡಬಹುದು. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನೇ ಗಂಡ. ಬಳ್ಳಿಗಾವಿಯ ಅಲ್ಲಮಪ್ರಭುವಿನ ಗುಹೇಶ್ವರ ಮಾತ್ರ ನನ್ನ ಓದಿಗೆ ಒಬ್ಬ ವ್ಯಕ್ತಿಯಾಗಿ ಸಿಗುವುದೇ ಇಲ್ಲ. ಹೆಸರು, ರೂಪ ಎಲ್ಲ ಕಳಚಿ ಕೊನೆಗೆ ಉಳಿಯುವುದು ಬಯಲು. (ಆ ಹೆಸರೂ ಅಂಕಿತಕ್ಕಷ್ಟೇ ಇರಬೇಕು!)

ಎರಡು ವರ್ಷದಿಂದ ನನ್ನ ಪ್ರತಿ ಪರೀಕ್ಷೆಗೂ ಅಮ್ಮ ಹರಕೆ ಹೊರುತ್ತಾಳೆ. ಪಟ್ಟಿಯಲ್ಲಿ ನನ್ನ ನಂಬರ್ ಇಲ್ಲದಾಗ ‘ದೇವರು ಕಣ್ಣು ಬಿಡಲಿಲ್ಲ’ ಎಂದು ಅಳುತ್ತಾಳೆ. ಬಯಲಿಗೆ ಕಣ್ಣೆಲ್ಲಿ? ಹಾಗಂದರೆ ಅವಳಿಗೆ ನೋವು. ನನಗೋ ಮನಸ್ಸು ಹಗುರ: ನನ್ನ ಮೇಲೆ ಯಾರೂ ಮುನಿದಿಲ್ಲ. ಆದರೆ ರಾತ್ರಿ ನಿದ್ದೆ ಬಾರದಾಗ ಹೇಳಿಕೊಳ್ಳಲೂ ಯಾರಿಲ್ಲ. ಅಲ್ಲಮನಿಗೆ ಅದು ಹೇಗೆ ಸಾಕಾಯಿತೋ, ಇನ್ನೂ ಓದುತ್ತಿದ್ದೇನೆ.