ಅರ್ಧ ಹಿಡಿದ ಬ್ರೇಕಿನ ಬಿಸಿ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವಾಗ ಮಡಂತ್ಯಾರಿನ ಆಸುಪಾಸಿನ ಅಡಿಕೆ ತೋಟಗಳನ್ನು ನೀವು ನೋಡಿರಬಹುದು. ಗುಡ್ಡದ ಇಳಿಜಾರು, ಮಳೆಗಾಲದಲ್ಲಿ ಜಾರುವ ಕೆಂಪು ಮಣ್ಣು. ಗೊಬ್ಬರ, ಅಡಿಕೆ ಗೊನೆ ಸಾಗಿಸಲು ಬುಲ್ಡೋಜರಿನಂತೆ ಚೈನ್ ಪಟ್ಟಿಯ ಮೇಲೆ ಓಡುವ ಪುಟ್ಟ ಗಾಡಿಯೊಂದನ್ನು ಮಾಡಿಕೊಂಡರೆ ಹೇಗೆ ಎಂದು ಯಾರಿಗಾದರೂ ಅನ್ನಿಸೀತು. ಹಳೆಯ ಕಾರಿನ ಹಿಂದಿನ ಆಕ್ಸಲ್, ಸಣ್ಣ ಡೀಸೆಲ್ ಎಂಜಿನ್, ವೆಲ್ಡಿಂಗ್ ಬಲ್ಲವರ ನೆರವು ಇದ್ದರೆ ಗಾಡಿಯೇನೋ ಸಿದ್ಧವಾಗುತ್ತದೆ. ತೊಂದರೆ ಶುರುವಾಗುವುದು ಅದನ್ನು ತಿರುಗಿಸುವಾಗ.

ಇಂಥ ಗಾಡಿಗೆ ಹೊರಳುವ ಮುಂಗಾಲಿಗಳಿಲ್ಲ. ಎಡಕ್ಕೆ ತಿರುಗಲು ಎಡಪಟ್ಟಿಯ ಬ್ರೇಕ್ ಹಿಡಿಯಬೇಕು. ಎಡಬದಿ ಕಳೆದುಕೊಂಡ ವೇಗವನ್ನು ಡಿಫರೆನ್ಷಿಯಲ್ ಬಲಬದಿಗೆ ಕೊಡುತ್ತದೆ. ಗಾಡಿ ಎಡಕ್ಕೆ ತಿರುಗುತ್ತದೆ. ಆಗ ಪಟ್ಟಿಗಳ ಹಿಂದುಮುಂದಿನ ತುದಿಗಳು ನೆಲವನ್ನು ಅಡ್ಡಡ್ಡವಾಗಿ ಉಜ್ಜಲೇಬೇಕು.

ಲೆಕ್ಕ ಹಾಕೋಣ. ಹೊರೆ ಸೇರಿ ಗಾಡಿಯ ತೂಕ 6000 ನ್ಯೂಟನ್ (ಸುಮಾರು 600 ಕಿಗ್ರಾಂ), ನೆಲಕ್ಕೆ ತಾಗುವ ಪಟ್ಟಿಯ ಉದ್ದ 1.2 ಮೀಟರ್, ಪಟ್ಟಿಗಳ ನಡುವಣ ಅಂತರ 0.9 ಮೀಟರ್, ಘರ್ಷಣಾ ಗುಣಾಂಕ 0.6 ಎಂದಿಟ್ಟುಕೊಳ್ಳಿ. ತಿರುಗುವುದನ್ನು ತಡೆಯುವ ಟಾರ್ಕ್ ಎಂದರೆ ಗುಣಾಂಕ, ತೂಕ, ಉದ್ದಗಳ ಗುಣಲಬ್ಧದ ಕಾಲುಭಾಗ: 1080 ನ್ಯೂಟನ್-ಮೀಟರ್. ಇದನ್ನು ಅಂತರದಿಂದ ಭಾಗಿಸಿದರೆ 1200 ನ್ಯೂಟನ್. ಹೊರಪಟ್ಟಿ ಇಷ್ಟು ಬಲದಿಂದ ಮುಂದಕ್ಕೆ ತಳ್ಳಬೇಕು, ಒಳಪಟ್ಟಿ ಇಷ್ಟೇ ಬಲದಿಂದ ಹಿಂದಕ್ಕೆ ಜಗ್ಗಬೇಕು. ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ಟಾರ್ಕ್ ಕೊಡುವುದರಿಂದ ಒಳಬದಿಯ ಬ್ರೇಕ್ ಎಂಜಿನ್ನಿನ ಒತ್ತಡವನ್ನೂ ನೆಲದ ಒತ್ತಡವನ್ನೂ ಒಟ್ಟಿಗೆ ತಡೆಯಬೇಕು. ಪಟ್ಟಿಯ ಮಟ್ಟದಲ್ಲಿ ಅದು 2400 ನ್ಯೂಟನ್.

ಗಾಡಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುತ್ತಿದ್ದು, ಒಳಪಟ್ಟಿ ಅರ್ಧ ವೇಗಕ್ಕೆ ಇಳಿದರೆ ಬ್ರೇಕಿನಲ್ಲಿ ಹುಟ್ಟುವ ಶಾಖ 1200 ವಾಟ್. ಸ್ನಾನದ ನೀರು ಕಾಯಿಸುವ ಇಮ್ಮರ್ಷನ್ ಹೀಟರನ್ನು ಡ್ರಮ್ಮಿನೊಳಗೆ ಇಟ್ಟಂತೆ!

ಹಾಗಾದರೆ ಬ್ರೇಕನ್ನು ಪೂರ್ತಿ ಒತ್ತಿದರೆ? ಇನ್ನೂ ಹೆಚ್ಚು ಬಿಸಿ ಎನ್ನುತ್ತೀರಾ? ನನ್ನ ತರಗತಿಯಲ್ಲೂ ಹೆಚ್ಚಿನವರು ಹಾಗೇ ಹೇಳುತ್ತಾರೆ. ಆದರೆ ಪಟ್ಟಿ ನಿಂತಾಗ ಡ್ರಮ್ಮೂ ನಿಲ್ಲುತ್ತದೆ. ಚಲನೆ ಇಲ್ಲದಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಲ್ಲಿ ಶಾಖವಿಲ್ಲ. ಆಗ ಶಕ್ತಿ ವ್ಯಯವಾಗುವುದು ಮಣ್ಣನ್ನು ಉಜ್ಜುವುದರಲ್ಲಿ. ಬ್ರೇಕನ್ನು ಸುಡುವುದು ‘ಪಾಪ, ಸವೆಯದಿರಲಿ’ ಎಂದು ನಯವಾಗಿ ಹಿಡಿಯುವ ಕಾಲು. ಒಳಪಟ್ಟಿ ಅರ್ಧ ವೇಗದಲ್ಲಿದ್ದರೆ 90 ಡಿಗ್ರಿ ತಿರುವಿಗೆ ಸುಮಾರು 1700 ಜೂಲ್, 0.8 ಮೀಟರ್ ವೇಗದ ನಿಧಾನ ತಿರುವಿನಲ್ಲಿ ಅದೇ ಕೋನಕ್ಕೆ ಸುಮಾರು 6800. (ಅಗಲ ತಿರುವಿನಲ್ಲಿ ನೆಲದ ತಡೆ ತುಸು ಇಳಿಯುತ್ತದೆ ನಿಜ, ಆದರೂ ನಷ್ಟವೇ.) ಆದ್ದರಿಂದ ಪೂರ್ತಿ ಒತ್ತಿ, ಬಿಟ್ಟು, ನೇರ ಹೋಗಿ, ಮತ್ತೆ ಒತ್ತಬೇಕು.

ನಿಜವಾದ ಅಪಾಯ ಗುಡ್ಡದ ಅಡ್ಡಹಾದಿಯಲ್ಲಿ. ಕೆಳಬದಿಯ ಪಟ್ಟಿಗೆ ಭಾರ ಹೆಚ್ಚಾಗಿ ಗಾಡಿ ಅತ್ತ ಎಳೆಯುತ್ತದೆ. ಚಾಲಕ ಮೇಲ್ಬದಿಯ ಬ್ರೇಕನ್ನು ಹಿಡಿದೇ ಇರುತ್ತಾನೆ. ಶಾಖ 600 ವಾಟ್ ಮಾತ್ರ ಎಂದುಕೊಂಡರೂ 10 ನಿಮಿಷಕ್ಕೆ 3,60,000 ಜೂಲ್. ಎರಕದ ಕಬ್ಬಿಣದ 4 ಕಿಗ್ರಾಂ ಡ್ರಮ್ ಒಂದು ಡಿಗ್ರಿ ಏರಲು ಸುಮಾರು 2000 ಜೂಲ್ ಸಾಕು. ಅಂದರೆ 180 ಡಿಗ್ರಿ ಏರಿಕೆ! ಸ್ವಲ್ಪ ಶಾಖ ಗಾಳಿಗೆ ಹೋಗುತ್ತದೆ, ಆದರೆ ನಡಿಗೆಯ ವೇಗದಲ್ಲಿ, ಕೆಸರು ಮೆತ್ತಿದ ಡ್ರಮ್ಮಿಗೆ ಗಾಳಿಯೆಲ್ಲಿ? ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್‌ನ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ 140. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಸುಮ್ಮನೆ ಕೆಳಗಿಳಿಯುತ್ತದೆ. ಇಲ್ಲಿ ಬ್ರೇಕೇ ಸ್ಟಿಯರಿಂಗ್. ಇಳಿಜಾರಿನಲ್ಲಿ ಎರಡೂ ಒಟ್ಟಿಗೆ ಕೈಕೊಡುತ್ತವೆ.

ಬ್ರೇಕನ್ನು ವೇಗವಾಗಿ ತಿರುಗುವ ಶಾಫ್ಟಿಗೆ ಕೂರಿಸಿದರೆ ಒತ್ತುವ ಬಲ ಕಡಿಮೆಯಾದೀತು, ಶಾಖ ಒಂದಿಷ್ಟೂ ಇಳಿಯದು. ಪಟ್ಟಿಯನ್ನು 1.2ರಿಂದ 0.9 ಮೀಟರಿಗೆ ಇಳಿಸಿದರೆ ಶಾಖ ಕಾಲುಭಾಗ ತಗ್ಗುತ್ತದೆ. ದೊಡ್ಡ ಬುಲ್ಡೋಜರುಗಳಲ್ಲಿ (ಬಿಇಎಂಎಲ್ ಅವನ್ನು ಕೆ.ಜಿ.ಎಫ್.ನಲ್ಲಿ ತಯಾರಿಸುತ್ತದೆ) ಮೊದಲು ಆ ಬದಿಯ ಕ್ಲಚ್ ಬಿಡಿಸಿ, ಬಳಿಕ ಬ್ರೇಕ್ ಹಿಡಿಯುವ ಏರ್ಪಾಡು ಬಹುಕಾಲದಿಂದ ಇದೆ, ಎಂಜಿನ್ ಬ್ರೇಕಿನೊಡನೆ ಗುದ್ದಾಡುವುದಿಲ್ಲ.

ಅದಕ್ಕಾಗಿ ಪವರ್ ಟಿಲ್ಲರಿನ ಗೇರ್‌ಬಾಕ್ಸ್ ಬಳಸುವವರು ಒಂದು ಮಾತು ನೆನಪಿಡಿ. ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ತಡೆದಿಟ್ಟಿರುವುದು ಎಂಜಿನ್. ಎಡ ಕ್ಲಚ್ ಬಿಡಿಸಿದರೆ ಎಡಬದಿ ಸ್ವತಂತ್ರವಾಗಿ ಮುನ್ನುಗ್ಗಿ, ಗಾಡಿ ಬಲಕ್ಕೆ ತಿರುಗುತ್ತದೆ.